ಚುಚ್ಚುಮದ್ದು ಪಾಪವಲ್ಲ, ಪ್ರಮಾದವೇ ಪಾಪ

ಕಳೆದ ವರ್ಷದ ಮಹಾವೀರ ಜಯಂತಿಯಂದು ನಮ್ಮೂರ ಬಸದಿಯಲ್ಲಿ ಅಭಿಷೇಕ, ಪೂಜೆಗಳು ಮುಗಿದು ಬಾಲವರ್ಧಮಾನನ ತೊಟ್ಟಿಲು ತೂಗುವ ಹೊತ್ತಾಗಿತ್ತು. ಶ್ರಾವಿಕೆಯರು ಒಬ್ಬರಾದ ಮೇಲೊಬ್ಬರಂತೆ ಬಂದು ತೊಟ್ಟಿಲಿನ ಹಗ್ಗ ಹಿಡಿದು ಜೋಗುಳ ಹಾಡುತ್ತಿದ್ದರು. ನನ್ನ ತಂಗಿಯ ಮಗಳೂ ಆ ಸಾಲಿನಲ್ಲಿದ್ದಳು. ಅವಳ ಸರದಿ ಬಂದಾಗ ಹಿರಿಯರೊಬ್ಬರು ಮೆಲುದನಿಯಲ್ಲಿ, ‘ನೀನು ಸ್ವಲ್ಪ ಹಿಂದೆ ನಿಲ್ಲಮ್ಮ, ಮಕ್ಕಳಾದವರು ಮೊದಲು ತೂಗಲಿ’ ಎಂದರು. ಅವಳು ಮಾತಾಡದೆ ಹಿಂದೆ ಸರಿದಳು. ಆ ಮಾತು ಕೇಳಿಸುವಷ್ಟು ಹತ್ತಿರದಲ್ಲಿಯೇ ನಾನಿದ್ದೆ. ಬಸದಿಯ ಆಡಳಿತ ಮಂಡಲಿಯ ಸದಸ್ಯನೂ ಆಗಿದ್ದೆ. ಆದರೂ ಸುಮ್ಮನಿದ್ದೆ.

ಅಂದು ಸಂಜೆ ಅವಳು ಆಡಿದ ಮಾತೇ ಈ ಲೇಖನಕ್ಕೆ ಕಾರಣ. ‘ಮಾವ, ಮೂರು ವರ್ಷದಲ್ಲಿ ನನ್ನ ಹೊಟ್ಟೆಗೆ ಎಷ್ಟು ಸೂಜಿ ಚುಚ್ಚಿದ್ದಾರೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಅವರಿಗೆ ಮಾತ್ರ ಒಂದು ಸಲವೂ ಪರೀಕ್ಷೆ ಆಗಿಲ್ಲ. ಕೇಳಿದರೆ, ನಮ್ಮ ಹುಡುಗನಿಗೆ ಏನೂ ಆಗಿಲ್ಲ ಅನ್ನುತ್ತಾರೆ ಅತ್ತೆ.’ ಅವಳು ನನ್ನನ್ನು ದೂರಲಿಲ್ಲ. ಆದರೆ ಮದುವೆಯಾದ ಮರುವರ್ಷ ಬೀಗರು ಸಲಹೆ ಕೇಳಿದಾಗ, ‘ಮೊದಲು ಹುಡುಗಿಯನ್ನು ತೋರಿಸೋಣ’ ಎಂದವನು ನಾನೇ. ಅದು ನನಗೆ ನೆನಪಿತ್ತು.

ಮುಂದಿನ ವಾರ ಅಳಿಯನನ್ನು ಕೂರಿಸಿಕೊಂಡು ಮಾತಾಡಿದೆ. ಮೊದಮೊದಲು ಸಂಕೋಚಪಟ್ಟವನು ಕೊನೆಗೆ ಬಾಯಿಬಿಟ್ಟ. ನಿಶ್ಶಕ್ತಿಯೆಂದು ಹೇಳಿಕೊಂಡಾಗ ವ್ಯಾಯಾಮಶಾಲೆಯ ಗೆಳೆಯನೊಬ್ಬ ಟೆಸ್ಟೊಸ್ಟೆರೋನ್ ಚುಚ್ಚುಮದ್ದಿನ ಹೆಸರು ಹೇಳಿದ್ದನಂತೆ. ಎರಡು ವರ್ಷದಿಂದ ಎರಡು ಮೂರು ವಾರಕ್ಕೊಮ್ಮೆ, ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಸಿಕೊಳ್ಳುತ್ತಿದ್ದನಂತೆ. ‘ಗಂಡಸಿನ ಹಾರ್ಮೋನು ತಾನೇ ಮಾವ, ಮಗುವಾಗುವುದಕ್ಕೂ ಸಹಾಯವಾಗುತ್ತದೆ ಅಂದುಕೊಂಡಿದ್ದೆ’ ಎಂದ. ತಜ್ಞ ವೈದ್ಯರು ವೀರ್ಯಪರೀಕ್ಷೆ ಮಾಡಿಸಿದರು. ವೀರ್ಯಾಣುಗಳ ಸಂಖ್ಯೆ ಸೊನ್ನೆ.

ಹಾರ್ಮೋನು ಚುಚ್ಚುಮದ್ದಿನ ವಿಷಯದಲ್ಲಿ ನಮ್ಮ ಸಮಾಜದಲ್ಲಿ ಎರಡು ಪಂಗಡಗಳಿವೆ. ‘ಇದೆಲ್ಲ ಪ್ರಾಣಿಜನ್ಯ, ಅಶುಚಿ, ಕರ್ಮಕ್ಕೆ ಎದುರು ನಡೆಯುವ ಅಧರ್ಮ’ ಎಂದು ಸಾರಾಸಗಟಾಗಿ ತಳ್ಳಿಹಾಕುವವರು ಒಂದು ಕಡೆ. ಕಷಾಯ ಕುಡಿದಷ್ಟು ಸಲೀಸಾಗಿ, ಪರೀಕ್ಷೆಯಿಲ್ಲದೆ, ಗುಟ್ಟಾಗಿ ಚುಚ್ಚಿಸಿಕೊಳ್ಳುವವರು ಇನ್ನೊಂದು ಕಡೆ. ಇವರಿಬ್ಬರೂ ಪರಸ್ಪರ ವಿರೋಧಿಗಳೆಂದು ತೋರಿದರೂ ಒಬ್ಬರು ಇನ್ನೊಬ್ಬರನ್ನು ಪೋಷಿಸುತ್ತಿದ್ದಾರೆ. ಮೊದಲಿನವರ ನಿಂದೆಗೆ ಅಂಜಿಯೇ ಎರಡನೆಯವರು ಗುಟ್ಟಿನ ದಾರಿ ಹಿಡಿಯುವುದು. ಆಚಾರ್ಯ ಉಮಾಸ್ವಾಮಿಗಳು ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಘಾತವೊಂದನ್ನೇ ಹೇಳಿ ಬಿಡಲಿಲ್ಲ. ಪ್ರಮಾದದಿಂದ ಆಗುವ ಪ್ರಾಣಘಾತವೆಂದು ಹೇಳಿದರು. ಆ ಅಳತೆಗೋಲನ್ನು ಹಿಡಿದು ನೋಡಿದರೆ ಚುಚ್ಚುಮದ್ದು ಪಾಪವಲ್ಲ. ಅದನ್ನು ಎಚ್ಚರವಿಲ್ಲದೆ ಬಳಸುವುದು ಪಾಪ, ಎಚ್ಚರದಿಂದ ಬಳಸಬೇಕೆಂದಿರುವವರನ್ನು ಅವಮಾನಿಸಿ ತಡೆಯುವುದೂ ಪಾಪ.

ಮೊದಲಿಗೆ ಗಂಡಸರ ವಿಷಯ. ಇದನ್ನು ಮೊದಲು ಹೇಳುವುದು ಉದ್ದೇಶಪೂರ್ವಕವಾಗಿಯೇ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ದೋಷವೇ ಕಾರಣವಾಗಿರುತ್ತದೆ, ಇಲ್ಲವೇ ಕಾರಣಗಳಲ್ಲಿ ಒಂದಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರಾಪ್ತವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವಮಾನದ ಯಾವುದೋ ಒಂದು ಘಟ್ಟದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆ. ಇಷ್ಟು ವ್ಯಾಪಕವಾದ ತೊಂದರೆಗೆ ನಾವು ಕೊಟ್ಟುಕೊಂಡಿರುವ ಹೆಸರು ‘ಬಂಜೆತನ’. ಆ ಶಬ್ದದಲ್ಲಿಯೇ ಹೆಂಗಸನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿಯಾಗಿದೆ.

ಟೆಸ್ಟೊಸ್ಟೆರೋನ್ ಎಂಬುದು ವೃಷಣಗಳಲ್ಲಿ ಹುಟ್ಟುವ ಹಾರ್ಮೋನು. ಅದನ್ನು ಹುಟ್ಟಿಸಲು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಆಜ್ಞೆಯಾಗಿ ಬರಬೇಕು. ವೀರ್ಯಾಣುಗಳು ಬೆಳೆಯಲು ಅದರ ಜೊತೆಗೆ ಎಫ್‌ಎಸ್‌ಎಚ್ ಎಂಬ ಇನ್ನೊಂದು ಬೇಕು. ವೃಷಣದೊಳಗಿನ ಟೆಸ್ಟೊಸ್ಟೆರೋನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಬಹುಪಟ್ಟು ಹೆಚ್ಚಿದ್ದಾಗ ಮಾತ್ರ ವೀರ್ಯಾಣು ಬೆಳೆಯುತ್ತದೆ. ಈಗ ಹೊರಗಿನಿಂದ ಸೂಜಿಯ ಮೂಲಕ ಟೆಸ್ಟೊಸ್ಟೆರೋನ್ ಬಂದರೆ ಏನಾಗುತ್ತದೆ? ರಕ್ತದಲ್ಲಿ ಸಾಕಷ್ಟಿದೆಯೆಂದು ತಿಳಿದು ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಮನೆಯ ಬಳಕೆಗೆ ಹೊರಗಿನಿಂದ ನೀರು ಬರತೊಡಗಿದರೆ ಬಾವಿಯ ರಾಟೆ ನಿಲ್ಲುತ್ತದೆ. ಆದರೆ ಆ ಬಾವಿಯ ನೀರನ್ನೇ ನಂಬಿದ ಹಿತ್ತಲ ತೋಟ ಒಣಗುತ್ತದೆ. ಗಂಡಸಿಗೆ ಕಸುವು ಬಂದಂತೆ ತೋರುತ್ತದೆ, ಸ್ನಾಯುಗಳು ಬೆಳೆಯುತ್ತವೆ. ಒಳಗೆ ಸಂತಾನದ ತೋಟ ಒಣಗಿರುತ್ತದೆ.

ಇದು ನನ್ನ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಏಳು ದೇಶಗಳ ಹತ್ತು ಕೇಂದ್ರಗಳಲ್ಲಿ 271 ಆರೋಗ್ಯವಂತ ಪುರುಷರಿಗೆ ವಾರಕ್ಕೊಮ್ಮೆ ಟೆಸ್ಟೊಸ್ಟೆರೋನ್ ಚುಚ್ಚುಮದ್ದು ಕೊಟ್ಟು ನೋಡಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಅವರಲ್ಲಿ 157 ಜನರ ವೀರ್ಯಾಣು ಸಂಖ್ಯೆ ಸೊನ್ನೆಗೆ ಇಳಿಯಿತು. ಆ ಅಧ್ಯಯನದ ಉದ್ದೇಶವೇನಾಗಿತ್ತು ಗೊತ್ತೇ? ಈ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ನೋಡುವುದು! ಜಗತ್ತು ಸಂತಾನವನ್ನು ತಡೆಯಲು ಪರೀಕ್ಷಿಸಿದ ಔಷಧವನ್ನು ನಮ್ಮ ಹುಡುಗರು ಸಂತಾನಕ್ಕೆ ಸಹಾಯವಾದೀತೆಂದು ಚುಚ್ಚಿಸಿಕೊಳ್ಳುತ್ತಿದ್ದಾರೆ. ಅವರ ಹೆಂಡಂದಿರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದಾರೆ. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2018ರ ತನ್ನ ಮಾರ್ಗಸೂಚಿಯಲ್ಲಿ, ಸಮೀಪದ ಭವಿಷ್ಯದಲ್ಲಿ ಮಗು ಬೇಕೆನ್ನುವ ಪುರುಷರಿಗೆ ಟೆಸ್ಟೊಸ್ಟೆರೋನ್ ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದೆ.

ಹಾಗೆಂದು ಹತಾಶರಾಗಬೇಕಿಲ್ಲ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣುಗಳು ಮರಳುತ್ತವೆ. ಕೆಲವರಲ್ಲಿ ಎರಡು ವರ್ಷವೂ ಹಿಡಿಯಬಹುದು. ಒಂದು ವೀರ್ಯಾಣು ರೂಪುಗೊಳ್ಳಲು ಎಪ್ಪತ್ತು ದಿನಗಳಿಗೂ ಮೇಲ್ಪಟ್ಟು ಕಾಲ ಬೇಕಾದ್ದರಿಂದ ಮೂರು ತಿಂಗಳೊಳಗೆ ಫಲವನ್ನು ನಿರೀಕ್ಷಿಸುವುದೇ ತಪ್ಪು. ನಿಲ್ಲಿಸುವುದನ್ನೂ ತಜ್ಞರ ಕಣ್ಣಮುಂದೆಯೇ ಮಾಡಬೇಕು. ಒಮ್ಮೆಲೇ ನಿಂತಾಗ ದೇಹದ ಸ್ವಂತ ಉತ್ಪತ್ತಿ ಮರಳುವವರೆಗೆ ಆಯಾಸ, ಖಿನ್ನತೆಗಳು ಕಾಡುವುದುಂಟು.

ಇಲ್ಲಿಯೇ ಎಚ್‌ಸಿಜಿ ಎಂಬ ಇನ್ನೊಂದು ಚುಚ್ಚುಮದ್ದಿನ ಪ್ರಸ್ತಾಪ ಬರುತ್ತದೆ. ಗರ್ಭಿಣಿಯ ದೇಹದಲ್ಲಿ ಹುಟ್ಟುವ ಈ ಹಾರ್ಮೋನನ್ನು 1927ರಲ್ಲಿ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಗುರುತಿಸಿದರು. ಇದು ಪಿಟ್ಯುಟರಿಯ ಎಲ್‌ಎಚ್‌ನಂತೆಯೇ ಕೆಲಸ ಮಾಡಿ ವೃಷಣಕ್ಕೆ ನೇರವಾಗಿ ಆಜ್ಞೆ ಕೊಡುತ್ತದೆ. ಎಂದರೆ ಇದು ಹೊರಗಿನಿಂದ ನೀರು ತರುವುದಿಲ್ಲ, ನಿಂತ ರಾಟೆಯನ್ನೇ ತಿರುಗಿಸುತ್ತದೆ. ಪಿಟ್ಯುಟರಿಯೇ ದುರ್ಬಲವಾಗಿರುವ ಪುರುಷರಲ್ಲಿ ಇದು ಮೊದಲ ಸಾಲಿನ ಔಷಧ. ಕೆಲವು ತಿಂಗಳಲ್ಲಿ ಫಲ ಕಾಣದಿದ್ದರೆ ಎಫ್‌ಎಸ್‌ಎಚ್ ಚುಚ್ಚುಮದ್ದನ್ನು ಜೊತೆಗೂಡಿಸುತ್ತಾರೆ. ಟೆಸ್ಟೊಸ್ಟೆರೋನ್ ತೆಗೆದುಕೊಳ್ಳಲೇಬೇಕಾದ 26 ಪುರುಷರಿಗೆ ಅದರೊಡನೆ ಅಲ್ಪ ಪ್ರಮಾಣದ ಎಚ್‌ಸಿಜಿಯನ್ನೂ ಕೊಟ್ಟ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬರ ವೀರ್ಯಾಣುವೂ ಸೊನ್ನೆಗಿಳಿಯಲಿಲ್ಲ. ಅಧ್ಯಯನ ಚಿಕ್ಕದು, ಅದನ್ನೇ ಭರವಸೆಯ ಪತ್ರವೆಂದು ಹಿಡಿಯಬಾರದು. ಅದೂ ಅಲ್ಲದೆ ವೃಷಣವೇ ಹಾನಿಗೊಂಡಿದ್ದರೆ, ಉದಾಹರಣೆಗೆ ಮಂಗನಬಾವಿನ ನಂತರ ಅಥವಾ ಹುಟ್ಟಿನಿಂದ ಬಂದ ವರ್ಣತಂತುಗಳ ದೋಷದಿಂದ, ಎಚ್‌ಸಿಜಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಯಾರಲ್ಲಿ ಯಾವ ದೋಷವಿದೆಯೆಂದು ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೊಸ್ಟೆರೋನ್‌ಗಳ ರಕ್ತಪರೀಕ್ಷೆಯಿಲ್ಲದೆ ಹೇಳಲು ಯಾವ ಗೆಳೆಯನಿಗೂ, ಯಾವ ಔಷಧದ ಅಂಗಡಿಯವನಿಗೂ ಸಾಧ್ಯವಿಲ್ಲ. ಎಚ್‌ಸಿಜಿಯಿಂದಲೂ ಸ್ತನಗಳು ಊದಿಕೊಳ್ಳುವುದು, ಕಾಲು ಬಾಯುವುದು, ಮೊಡವೆಯೇಳುವುದು ಉಂಟು. ಅಳತೆಯನ್ನು ವೈದ್ಯರೇ ಗೊತ್ತುಮಾಡಬೇಕು. ಆದ್ದರಿಂದಲೇ ಇಲ್ಲಿ ಯಾವ ಅಳತೆಯನ್ನೂ ನಾನು ಬರೆಯುತ್ತಿಲ್ಲ.

ನಿಜವಾದ ಕೊರತೆಯಿರುವವರಿಗೆ, ಮತ್ತೆ ಮಕ್ಕಳು ಬೇಡವೆನ್ನುವವರಿಗೆ ಟೆಸ್ಟೊಸ್ಟೆರೋನ್ ಯೋಗ್ಯವಾದ ಔಷಧವೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಕೊರತೆಯೆಂದು ನಿರ್ಧರಿಸಲು ರೋಗಲಕ್ಷಣಗಳೂ ಇರಬೇಕು, ಬೇರೆ ಬೇರೆ ದಿನ ಬೆಳಗಿನ ಹೊತ್ತು ಮಾಡಿದ ಎರಡು ರಕ್ತಪರೀಕ್ಷೆಗಳಲ್ಲಿ ಮಟ್ಟ ಕಡಿಮೆಯೂ ಇರಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು, ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರು ಇದರ ತಂಟೆಗೆ ಹೋಗಬಾರದು. ಆರಂಭಿಸಿದ ಮೇಲೆ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಕೆಂಪು ರಕ್ತಕಣಗಳ ಪ್ರಮಾಣ ಶೇಕಡ 54 ದಾಟಿದರೆ ಅದು ಇಳಿಯುವ ತನಕ ಚುಚ್ಚುಮದ್ದು ನಿಲ್ಲಬೇಕು. ಮುಂದೆ ಮಗು ಬೇಕಾದೀತು ಎನ್ನುವ ಯುವಕನಾದರೆ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಶೀತಲೀಕರಿಸಿ ಕಾದಿಡುವ ಸೌಲಭ್ಯವಿದೆ.

ಇನ್ನು ಮೊದಲ ಪಂಗಡದವರ ಆಕ್ಷೇಪಣೆಗೆ ಬರುತ್ತೇನೆ. ‘ಇವೆಲ್ಲ ಪ್ರಾಣಿಗಳನ್ನು ಕೊಂದು ತೆಗೆದವು’ ಎನ್ನುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾವಿರದ ನೂರು ವರ್ಷಗಳಿಗೂ ಹಿಂದೆ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಔಷಧದಲ್ಲಿ ಮಾಂಸ ಬೇಕಿಲ್ಲವೆಂದು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ವಾದಿಸಿದರು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿ ಬರೆದ ವೈದ್ಯಗ್ರಂಥದಲ್ಲಿಯೂ ಮದ್ಯ, ಮಾಂಸ, ಮಧುಗಳಿಗೆ ಸ್ಥಾನವಿಲ್ಲ. ಆದರೆ ಆ ಹಿರಿಯರು ವೈದ್ಯವನ್ನು ನಿಷೇಧಿಸಲಿಲ್ಲ. ಔಷಧದ ಮೂಲವನ್ನು ವಿಚಾರಿಸಿ ಸೋಸಿದರು. ನಾವೂ ವಿಚಾರಿಸೋಣ.

1935ರಲ್ಲಿ ಹಾಲೆಂಡಿನ ಲಾಕ್ಯೂರ್ ಎಂಬ ವಿಜ್ಞಾನಿಯ ತಂಡವು ಟೆಸ್ಟೊಸ್ಟೆರೋನನ್ನು ಮೊದಲಿಗೆ ಬೇರ್ಪಡಿಸಿದ್ದು ಹೋರಿಗಳ ವೃಷಣಗಳಿಂದ. ಅದು ಘೋರವೇ ಸರಿ. ಅದೇ ವರ್ಷ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ವಿಧಾನವೂ ತಿಳಿಯಿತು. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞನು ಮೆಕ್ಸಿಕೊದ ಕಾಡುಗೆಣಸಿನಿಂದ ಇಂಥ ಹಾರ್ಮೋನುಗಳನ್ನು ತಯಾರಿಸುವ ದಾರಿ ತೆರೆದನು. ಇಂದು ಟೆಸ್ಟೊಸ್ಟೆರೋನ್, ಪ್ರೊಜೆಸ್ಟೆರೋನ್‌ಗಳು ಸೋಯಾ ಮುಂತಾದ ಸಸ್ಯಮೂಲದ ವಸ್ತುಗಳಿಂದಲೇ ತಯಾರಾಗುತ್ತವೆ. ಅವುಗಳನ್ನು ಕರಗಿಸುವುದು ಎಳ್ಳೆಣ್ಣೆ, ಹರಳೆಣ್ಣೆ, ಹತ್ತಿಬೀಜದ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆಯಲ್ಲಿ. (ಕಡಲೆಕಾಯಿ ಒಗ್ಗದವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು.) ಎಚ್‌ಸಿಜಿಯನ್ನು ಗರ್ಭಿಣಿಯರ ಮೂತ್ರದಿಂದ, ಅಂಡಾಶಯವನ್ನು ಪ್ರಚೋದಿಸುವ ಕೆಲವು ಔಷಧಗಳನ್ನು ಮುಟ್ಟು ನಿಂತ ಸ್ತ್ರೀಯರ ಮೂತ್ರದಿಂದ ಶೋಧಿಸಿ ತೆಗೆಯುತ್ತಾರೆ. ಇಲ್ಲಿ ಯಾವ ಜೀವವೂ ಹೋಗುವುದಿಲ್ಲ. 1990ರ ದಶಕದ ನಡುವಿನಿಂದ ಬಂದಿರುವ ಹೊಸ ಎಫ್‌ಎಸ್‌ಎಚ್ ಔಷಧಗಳು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ತಯಾರಾಗುತ್ತವೆ. ಆ ಕೋಶಗಳ ವಂಶ 1950ರ ದಶಕದಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯಿಂದ ತೆಗೆದದ್ದು. ಇದನ್ನು ಮುಚ್ಚಿಡಬಾರದು. ಗರ್ಭಿಣಿ ಕುದುರೆಗಳನ್ನು ಕಟ್ಟಿಹಾಕಿ ಅವುಗಳ ಮೂತ್ರದಿಂದ ತೆಗೆಯುವ ಈಸ್ಟ್ರೊಜೆನ್ ಔಷಧವೂ ಇದೆ. ಅದು ಬೇಡವೆನ್ನುವವರಿಗೆ ಸಸ್ಯಮೂಲದ ಎಸ್ಟ್ರಾಡಯಾಲ್ ಉಂಟು. ‘ಇದರ ಮೂಲವೇನು, ಬದಲಿ ಇದೆಯೇ?’ ಎಂದು ವೈದ್ಯರನ್ನು ಕೇಳುವುದು ಶ್ರಾವಕನ ಹಕ್ಕು. ಕೇಳದೆಯೇ ಎಲ್ಲವನ್ನೂ ಬಯ್ಯುವುದು ಅಹಿಂಸೆಯಲ್ಲ, ಆಲಸ್ಯ.

ವಾಸ್ತವವಾಗಿ ಹಿಂಸೆಯ ಪ್ರಶ್ನೆ ಸೀಸೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿದೆ. ಸ್ತ್ರೀಯ ಅಂಡಾಶಯವನ್ನು ಪ್ರಚೋದಿಸಲು ಕೊಡುವ ಚುಚ್ಚುಮದ್ದುಗಳ ಪರಿಣಾಮವನ್ನು ಸ್ಕ್ಯಾನಿಂಗ್ ಮೂಲಕ ಪದೇಪದೇ ನೋಡುತ್ತಿರಬೇಕು. ಸಹಜ ತಿಂಗಳಲ್ಲಿ ಸಾಮಾನ್ಯವಾಗಿ ಒಂದು ಅಂಡಾಣು ಪಕ್ವವಾದರೆ ಇಲ್ಲಿ ಹಲವು ಆಗಬಹುದು. ಹಲವು ಪಕ್ವವಾದಾಗ್ಯೂ ಲೆಕ್ಕಿಸದೆ ಎಚ್‌ಸಿಜಿ ಕೊಟ್ಟು ಅವೆಲ್ಲ ಬಿಡುಗಡೆಯಾಗಲು ಬಿಟ್ಟರೆ ಗರ್ಭದಲ್ಲಿ ಮೂರು, ನಾಲ್ಕು ಭ್ರೂಣಗಳು ನಿಲ್ಲಬಹುದು. ಆಗ ತಾಯಿಯ ಪ್ರಾಣವನ್ನೂ ಉಳಿದ ಶಿಶುಗಳನ್ನೂ ಕಾಪಾಡಲು ಒಂದೆರಡನ್ನು ತೆಗೆಯಬೇಕೆಂಬ ಮಾತು ವೈದ್ಯರಿಂದ ಬರುತ್ತದೆ. ಯೋಚಿಸಿ: ರಾತ್ರಿ ನೀರು ಕುಡಿಯಲೂ ಹಿಂಜರಿಯುವ ಮನೆಯಲ್ಲಿ, ಕೊಲ್ಲುವುದಕ್ಕಾಗಿ ಭ್ರೂಣವನ್ನು ಆರಿಸಬೇಕಾದ ದಿನ! ಇದು ಸಂಕಲ್ಪೀ ಹಿಂಸೆಯ ಹೊಸ್ತಿಲು. ಈ ಹೊಸ್ತಿಲಿಗೆ ಬಾರದಂತೆ ತಡೆಯುವ ಉಪಾಯವಿದೆ: ಅಂಡಾಣುಗಳು ಮಿತಿಮೀರಿದರೆ ಆ ತಿಂಗಳ ಚಿಕಿತ್ಸೆಯನ್ನು ಅಲ್ಲಿಗೇ ಕೈಬಿಡುವುದು. ಹಣ ಹೋಗುತ್ತದೆ, ಆಸೆ ಮುಂದೆ ಹೋಗುತ್ತದೆ, ಜೀವ ಉಳಿಯುತ್ತದೆ. ವೈದ್ಯರು ‘ಈ ಸಲ ಬೇಡ’ ಎಂದಾಗ ‘ಇಷ್ಟು ಖರ್ಚಾಗಿದೆ, ಮುಂದುವರಿಸಿಬಿಡಿ’ ಎಂದು ಒತ್ತಾಯಿಸುವವರು ಹೆಚ್ಚಾಗಿ ಮನೆಯ ಹಿರಿಯರೇ. ಆ ಒತ್ತಾಯವೇ ಪ್ರಮಾದ.

ಅಂಡಾಶಯಗಳು ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವೂ ಇದೆ. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆಯಿರುವ ಸ್ತ್ರೀಯರಲ್ಲಿ ಇದು ಹೆಚ್ಚು. ಹೊಟ್ಟೆ ಬಿಗಿದು ಉಬ್ಬುವುದು, ವಾಂತಿ, ಉಸಿರಾಟದ ಕಷ್ಟ, ಮೂತ್ರ ಕಡಿಮೆಯಾಗುವುದು, ಎರಡು ಮೂರು ದಿನಗಳಲ್ಲಿ ತೂಕ ಏರುವುದು — ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮನೆಗಳಲ್ಲಿ ಮಾತ್ರ ಹುಟ್ಟುವ ಎರಡು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಬೇಕು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುತ್ತ ಈ ಚಿಕಿತ್ಸೆ ಪಡೆಯಬಹುದೇ ಎಂಬುದು ಒಂದು. ನೀರನ್ನೂ ಬಿಟ್ಟ ದೇಹದ ಮೇಲೆ ಈ ಔಷಧಗಳ ಭಾರ ಹಾಕುವುದು ಕ್ಷೇಮವಲ್ಲ. ಹಾಗೆಯೇ ನಡುವೆ ಒಂದು ದಿನದ ಚುಚ್ಚುಮದ್ದು ತಪ್ಪಿದರೂ ಇಡೀ ತಿಂಗಳ ಪ್ರಯತ್ನ ಕೆಡಬಹುದು. ವ್ರತವನ್ನೂ ಬಿಡಲಾರೆ, ಚಿಕಿತ್ಸೆಯನ್ನೂ ಬಿಡಲಾರೆ ಎನ್ನುವವರು ಪರ್ವ ಕಳೆದ ಮೇಲೆ ಚಿಕಿತ್ಸೆ ಆರಂಭಿಸಲಿ. ಎರಡನೆಯದು ರಾತ್ರಿಯ ಪ್ರಶ್ನೆ. ಪ್ರಯೋಗಶಾಲೆಯ ಗರ್ಭಧಾರಣೆಯಲ್ಲಿ ಅಂಡಾಣು ತೆಗೆಯುವುದಕ್ಕೆ ಸುಮಾರು 36 ಗಂಟೆ ಮೊದಲು ಕೊನೆಯ ಚುಚ್ಚುಮದ್ದು ಬೀಳಬೇಕು. ಆದ್ದರಿಂದ ಅದು ಹೆಚ್ಚಾಗಿ ರಾತ್ರಿ ಒಂಬತ್ತು ಹತ್ತು ಗಂಟೆಗೆ ಬರುತ್ತದೆ. ರಾತ್ರಿಭೋಜನ ತ್ಯಾಗದ ನಿಯಮಕ್ಕೆ ಇದು ಭಂಗವೇ? ಚುಚ್ಚುಮದ್ದು ಆಹಾರವಲ್ಲವೆಂಬುದು ನನ್ನ ಮತ. ಸಂದೇಹವಿದ್ದವರು ತಮ್ಮ ಗುರುಗಳನ್ನು ಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಲಿ, ಗಡಿಯಾರ ನೋಡುತ್ತ ಸೂಜಿ ಹಿಡಿದು ಕುಳಿತಾಗ ಅಲ್ಲ. ಇನ್ನೊಂದು ಮಾತು: ಎಚ್‌ಸಿಜಿ ಪಡೆದ ಮೇಲೆ ಹತ್ತು ಹದಿನಾಲ್ಕು ದಿನ ಮನೆಯಲ್ಲಿ ಮಾಡುವ ಗರ್ಭಪರೀಕ್ಷೆ ಸುಳ್ಳು ಹೇಳಬಹುದು, ಏಕೆಂದರೆ ಆ ಪರೀಕ್ಷೆ ಹುಡುಕುವುದು ಅದೇ ಹಾರ್ಮೋನನ್ನು. ಆತುರಪಟ್ಟು ಸಿಹಿ ಹಂಚಿ, ವಾರ ಕಳೆಯುವಷ್ಟರಲ್ಲಿ ಸೊಸೆಯ ಮುಖ ನೋಡಲಾರದೆ ತಲೆತಗ್ಗಿಸಿದ ಮನೆಗಳುಂಟು.

ಬಳಸಿದ ಸೂಜಿಯನ್ನು ಮನೆಯ ಕಸದಲ್ಲಿ ಎಸೆಯುವವರಿಗೂ ಒಂದು ಮಾತು. ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಕೊನೆಯದು ಬೇಡವಾದದ್ದನ್ನು ಯಾವ ಜೀವಕ್ಕೂ ಬಾಧೆಯಾಗದಂತೆ ವಿಸರ್ಜಿಸುವುದು. ಗೃಹಸ್ಥನಿಗೂ ಅದು ದಾರಿದೀಪವಾಗಬೇಡವೇ? ನಿಮ್ಮ ಮನೆಯ ಕಸ ಎತ್ತುವ ಪೌರಕಾರ್ಮಿಕನ ಕೈಗೆ ನಿಮ್ಮ ಸೂಜಿ ಚುಚ್ಚಿದರೆ ಅದು ಯಾರ ಹಿಂಸೆ? ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಲೇಬಾರದು, ಒಂದನ್ನು ಎರಡು ಸಲವೂ ಬಳಸಬಾರದು. ಕಾಮಾಲೆಯ ವೈರಸ್ಸುಗಳೂ ಎಚ್‌ಐವಿಯೂ ಆ ದಾರಿಯಲ್ಲಿ ಬರುತ್ತವೆ. ಗಟ್ಟಿ ಡಬ್ಬಿಯೊಂದರಲ್ಲಿ ಸೂಜಿಗಳನ್ನು ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು.

ಕೊನೆಗೆ ಮೂಲಪ್ರಶ್ನೆ: ಮಗುವಿಗಾಗಿ ಇಷ್ಟೊಂದು ಆತಂಕವೇಕೆ? ಮಗು ಬೇಕೆಂಬ ಆಸೆ ಸಹಜ. ಅದನ್ನು ನಾನು ಹಳಿಯುತ್ತಿಲ್ಲ. ಆದರೆ ನಮ್ಮ ಮನೆಗಳಲ್ಲಿರುವುದು ಆಸೆಯಲ್ಲ, ಭಯ. ಮಗನಿಟ್ಟ ಪಿಂಡದಿಂದ ತಂದೆಗೆ ಸದ್ಗತಿಯೆಂಬ ಮಾತನ್ನು ಜಿನಧರ್ಮ ಒಪ್ಪಿಲ್ಲ. ಅವರವರ ಕರ್ಮ ಅವರವರಿಗೆ. ತುಳುನಾಡಿನ ನಮ್ಮ ಜೈನ ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿ ಶತಮಾನಗಳ ಕಾಲ ನಡೆದುಬಂತು. ಮಗನಿಲ್ಲವೆಂದು ಆ ಮನೆತನಗಳು ಅಳಿಯಲಿಲ್ಲ. ನಮ್ಮ ದಿಗಂಬರ ಪರಂಪರೆಯಂತೆ ವಾಸುಪೂಜ್ಯ, ಮಲ್ಲಿನಾಥ, ನೇಮಿನಾಥ, ಪಾರ್ಶ್ವನಾಥ, ಮಹಾವೀರ — ಈ ಐವರು ತೀರ್ಥಂಕರರು ಬಾಲಬ್ರಹ್ಮಚಾರಿಗಳು. ಅಂದು ತೊಟ್ಟಿಲಿನಲ್ಲಿ ಮಲಗಿದ್ದ ವರ್ಧಮಾನಸ್ವಾಮಿಗೆ ಮಕ್ಕಳಿರಲಿಲ್ಲ. ಆತನ ತೊಟ್ಟಿಲನ್ನು ತೂಗಲು ಮಕ್ಕಳಿಲ್ಲದವಳು ಅಯೋಗ್ಯಳೆಂದು ಹೇಳುವ ಧೈರ್ಯ ನಮಗೆಲ್ಲಿಂದ ಬಂತು?

ಬಸದಿಗಳ ಆಡಳಿತ ಮಂಡಲಿಗಳಿಗೆ ನನ್ನ ಕೋರಿಕೆಗಳು ನಾಲ್ಕು. ಮೊದಲನೆಯದು, ಸೀಮಂತ, ನಾಮಕರಣ, ತೊಟ್ಟಿಲು ಇವುಗಳಲ್ಲಿ ಮಕ್ಕಳಿಲ್ಲದ ಸ್ತ್ರೀಯರನ್ನು ಹಿಂದೆ ನಿಲ್ಲಿಸುವ ರೂಢಿಯನ್ನು ಠರಾವು ಮಾಡಿ ನಿಲ್ಲಿಸಬೇಕು. ಎರಡನೆಯದು, ನಾವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಮಕ್ಕಳಾಗದ ದಂಪತಿಗಳನ್ನು ಜೊತೆಯಾಗಿಯೇ ಕರೆಯಬೇಕು. ಗಂಡನ ವೀರ್ಯಪರೀಕ್ಷೆ ಮೊದಲು ಆಗಬೇಕು. ಅದು ನೋವಿಲ್ಲದ, ಅಲ್ಪ ಖರ್ಚಿನ ಪರೀಕ್ಷೆ. ರೋಗನಿರ್ಣಯಕ್ಕಾಗಿ ಮಾದರಿ ಕೊಡುವುದು ಸ್ವದಾರಸಂತೋಷ ವ್ರತಕ್ಕೆ ಭಂಗವಲ್ಲವೆಂದು ನಮ್ಮ ಪಂಡಿತರು ಸಂಕೋಚ ಬಿಟ್ಟು ಹೇಳಬೇಕು. ಮೂರನೆಯದು, ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದಲ್ಲವೇ? ಆ ನಿಧಿಯಿಂದ ಬಡ ಕುಟುಂಬಗಳಿಗೆ ಈ ಪರೀಕ್ಷೆಯ ಶುಲ್ಕವನ್ನು ಗುಟ್ಟಾಗಿ ಭರಿಸಬೇಕು. ನಾಲ್ಕನೆಯದು, ಚೀಟಿಯಿಲ್ಲದೆ ‘ಶಕ್ತಿಯ ಇಂಜೆಕ್ಷನ್’ ಕೊಡುವವರಿಂದ ಎಷ್ಟೇ ದೊಡ್ಡ ಕಾಣಿಕೆ ಬಂದರೂ ಸ್ವೀಕರಿಸಬಾರದು.

ಅಳಿಯನು ಟೆಸ್ಟೊಸ್ಟೆರೋನ್ ನಿಲ್ಲಿಸಿದ. ರಕ್ತಪರೀಕ್ಷೆಗಳಾದ ಮೇಲೆ ತಜ್ಞರು ಎಚ್‌ಸಿಜಿ ಆರಂಭಿಸಿದರು. ಎಂಟು ತಿಂಗಳ ನಂತರದ ಪರೀಕ್ಷೆಯಲ್ಲಿ ವೀರ್ಯಾಣುಗಳು ಕಂಡವು. ಆ ವರದಿಯನ್ನು ಹೆಂಡತಿಯ ಕೈಗಿಟ್ಟು ಅವನು ಅವಳ ಕ್ಷಮೆ ಕೇಳಿದನೆಂದು ಕೇಳಿದೆ. ನಾನೂ ಕೇಳಿದ್ದೇನೆ. ಮಗುವಾಯಿತೇ ಎಂದು ಓದುಗರು ಕೇಳಬಹುದು. ಆ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ತೊಟ್ಟಿಲಿನ ಹಗ್ಗ ಹಿಡಿಯುವ ಅವಳ ಅಧಿಕಾರಕ್ಕೂ ಆ ಉತ್ತರಕ್ಕೂ ಸಂಬಂಧವಿಲ್ಲ. ಬರುವ ಮಹಾವೀರ ಜಯಂತಿಯಂದು ಅವಳು ಸಾಲಿನಲ್ಲಿ ತನ್ನ ಸರದಿಗೆ ನಿಲ್ಲುತ್ತಾಳೆ. ಯಾರಾದರೂ ಹಿಂದೆ ಸರಿ ಎಂದರೆ ಈ ಸಲ ನಾನು ಸುಮ್ಮನಿರುವುದಿಲ್ಲ. ನಿಮ್ಮ ನಿಮ್ಮ ಬಸದಿಗಳಲ್ಲಿ ನೀವೂ ಸುಮ್ಮನಿರಬಾರದೆಂದು ಬೇಡಿಕೊಳ್ಳುತ್ತೇನೆ.